ಪಡದೆ ಎಳೆದವರ ಹೆಸರಿಗೊಂದು ಮೃತ್ಯುಪತ್ರ

ಹೋದ ತಿಂಗಳು ಎರಡನೆಯ ಗುರುವಾರ ಸಂಜೆ ನಾಲ್ಕೂವರೆಗೆ ನನ್ನ ಮೃತ್ಯುಪತ್ರದ, ಅಂದರೆ ಉಯಿಲಿನ, ನೋಂದಣಿ ಮುಗಿಯಿತು. ಅಧಿಕಾರಿಗಳ ಮೇಜಿನ ಮುಂದೆ ನಾನು ಕುಳಿತದ್ದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷಕ್ಕೆ ಬಂದು ಮುಟ್ಟಲು ಹದಿನಾಲ್ಕು ತಿಂಗಳು ಹಿಡಿದವು. ನನ್ನಂತೆ ನಾಟಕ ಕಂಪನಿಯಲ್ಲಿ ದುಡಿದು, ನಾಲ್ಕು ಕಾಸು ಉಳಿಸಿಕೊಂಡು, ತನ್ನ ನಂತರ ಅದು ಜೊತೆಯವರಿಗೆ ಆಗಲಿ ಎಂದು ಬಯಸುವವರು ಇನ್ನೂ ಕೆಲವರಿದ್ದಾರೆಂದು ನನಗೆ ಗೊತ್ತು. ಅವರು ನನ್ನಷ್ಟು ಅಲೆಯದಿರಲಿ ಎಂದು, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ. ನಾನು ಶಾಲೆಯಲ್ಲಿ ಕಲಿತದ್ದು ನಾಲ್ಕನೆಯ ಇಯತ್ತೆ ಮಾತ್ರ. ಹೀಗೆ ಉದ್ದುದ್ದ ವಾಕ್ಯ ಕಟ್ಟುವ ಚಟ ಹತ್ತಿಸಿದ್ದು ಕಂಪನಿಯ ತಾಲೀಮು. ಮೂವತ್ತಾರು ವರ್ಷ ಗ್ರಾಂಥಿಕ ಮಾತು ಒಪ್ಪಿಸಿದ ನಾಲಿಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಬದಲಾಗುವುದಿಲ್ಲ.

ಎಲ್ಲಕ್ಕೂ ಮೊದಲಾದದ್ದು ಒಂದು ಸಾವಿನಿಂದ. ಬನಶಂಕರಿ ಜಾತ್ರೆಗೆ ಬನದ ಹುಣ್ಣಿಮೆಯ ಹೊತ್ತಿಗೆ ಕಂಪನಿಗಳು ಸಾಲಾಗಿ ತಗಡಿನ ಥಿಯೇಟರು ಹಾಕುತ್ತವೆ. ಹಳೆಯ ಕಲಾವಿದರೆಲ್ಲ ಒಬ್ಬರನ್ನೊಬ್ಬರು ಕಾಣುವುದು ಅಲ್ಲಿಯೇ. ಹೋದ ವರ್ಷ ಅಲ್ಲಿಗೆ ಹೋದಾಗ, ನಮ್ಮ ಕಂಪನಿಯಲ್ಲಿ ಮೂರು ದಶಕ ಪಡದೆ ಎಳೆದವನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡನೆಂದೂ ಹೆಣವನ್ನು ಊರಿಗೆ ಒಯ್ಯಲು ಗಾಡಿಗೆ ದುಡ್ಡಿಲ್ಲವೆಂದೂ ಫೋನು ಬಂತು. ರಂಗದ ಹಿಂದೆ ನಿಂತು, ಬಣ್ಣ ಹಚ್ಚಿಕೊಂಡವರು ಹಚ್ಚಿಕೊಂಡಂತೆಯೇ ಪಟ್ಟಿ ಹಾಕಿದೆವು. 11,400 ರೂಪಾಯಿ ಕೂಡಿತು. ಅವನಿಗೆ ಸರ್ಕಾರದ ಕಲಾವಿದರ ಮಾಸಾಶನ ಬರುತ್ತಿರಲಿಲ್ಲ. ಅರ್ಜಿ ಹಾಕಿರಲಿಲ್ಲವೆಂದಲ್ಲ, ಅರ್ಜಿಗೆ ಲಗತ್ತಿಸಲು ಅವನ ಹತ್ತಿರ ಏನೂ ಇರಲಿಲ್ಲ. ನಮ್ಮಂಥವರ ಹೆಸರು ಹ್ಯಾಂಡ್‌ಬಿಲ್ಲಿನಲ್ಲಿ ಇರುತ್ತದೆ, ಫೋಟೋ ಇರುತ್ತದೆ, ಸನ್ಮಾನದ ಫಲಕ ಇರುತ್ತದೆ. ಪಡದೆ ಎಳೆಯುವವನ ಹೆಸರನ್ನು ಯಾವ ಮಾಲಕನೂ ಅಚ್ಚು ಹಾಕಿಸಿದ್ದಿಲ್ಲ. ನನ್ನದರಲ್ಲಿ ಒಂದು ಪಾಲು ರಂಗದ ಹಿಂದಿನವರಿಗೆ ಹೋಗಬೇಕೆಂದು ಆ ರಾತ್ರಿ ಗದಗಿಗೆ ಮರಳುವ ಬಸ್ಸಿನಲ್ಲಿಯೇ ನಿಶ್ಚಯಿಸಿದೆ.

ನನ್ನ ಆಸ್ತಿಯನ್ನು ಹೇಳಿದರೆ ನಗಬಾರದು. ಬೆಟಗೇರಿಯಲ್ಲಿ ಯಜಮಾನರು ಕಟ್ಟಿಸಿದ ಎರಡು ಖೋಲಿಯ ಮನೆ, ಬ್ಯಾಂಕಿನಲ್ಲಿ ಐದು ಲಕ್ಷ ಚಿಲ್ಲರೆ ಠೇವಣಿ, ಒಂದು ಬೋರಮಾಳ, ಒಂದು ಜೊತೆ ಪಾಟಲಿ. ಯಜಮಾನರು ಅದೇ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರಾಗಿದ್ದರು. ತೀರಿಕೊಂಡು ಒಂಬತ್ತು ವರ್ಷವಾಯಿತು. ಒಬ್ಬಳೇ ಮಗಳು, ಹಾವೇರಿಗೆ ಕೊಟ್ಟಿದ್ದೇವೆ. ಮನೆ ಮಗಳಿಗೆ, ಠೇವಣಿ ಮತ್ತು ಬಂಗಾರ ಜೊತೆಯವರಿಗೆ: ನನ್ನ ತಲೆಯಲ್ಲಿದ್ದ ಲೆಕ್ಕ ಇಷ್ಟೇ ಸರಳವಾಗಿತ್ತು.

ಮೊದಲ ತಪ್ಪು ಮಾಡಿದ್ದು ಬ್ಯಾಂಕಿನಲ್ಲಿ. ಠೇವಣಿಗೆ ನಾಮಿನಿ ಎಂದು ಕಲಾವಿದರ ಒಂದು ಸಂಘದ ಹೆಸರು ಬರೆಸಿಬಿಟ್ಟರೆ ಕೆಲಸ ಮುಗಿಯಿತೆಂದು ತಿಳಿದು ಹೋಗಿದ್ದೆ. ಬ್ಯಾಂಕಿನ ಠೇವಣಿಗೆ ಸಂಘ-ಸಂಸ್ಥೆಯನ್ನು ನಾಮಿನಿ ಮಾಡಲು ಬರುವುದಿಲ್ಲ, ವ್ಯಕ್ತಿಯೇ ಆಗಬೇಕು ಎಂದು ಕೌಂಟರಿನ ಹುಡುಗಿ ತಿಳಿಸಿ ಹೇಳಿದಳು. ಹಾಗಾದರೆ ನಂಬಿಕೆಯ ಒಬ್ಬರ ಹೆಸರು ಬರೆಸೋಣವೆಂದರೆ ಅದೂ ಸಾಲದು. ನಾಮಿನಿಯಾದವರು ಹಣವನ್ನು ಬ್ಯಾಂಕಿನಿಂದ ಪಡೆಯುವ ಕೈ ಮಾತ್ರ, ಒಡೆಯರಲ್ಲ. ಒಡೆತನ ವಾರಸುದಾರರದು ಅಥವಾ ಮೃತ್ಯುಪತ್ರದಲ್ಲಿ ಹೆಸರಿರುವವರದು. ಸುಪ್ರೀಂ ಕೋರ್ಟು ಇದನ್ನು ಮತ್ತೆ ಮತ್ತೆ ಹೇಳಿದೆ ಎಂದು ಆಮೇಲೆ ವಕೀಲರಿಂದ ತಿಳಿಯಿತು. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರ ತನಕ ನಾಮಿನಿ ಮಾಡಬಹುದಾಗಿದೆ, ಆದರೆ ನಾಲ್ಕು ಹೆಸರು ಬರೆದರೂ ಈ ಮಾತು ಬದಲಾಗುವುದಿಲ್ಲ. ಕಂಪನಿಯ ಎಷ್ಟೋ ಹೆಣ್ಣುಮಕ್ಕಳು «ನಾಮಿನಿ ಹಚ್ಚಿದೀನಿ, ಚಿಂತಿಲ್ಲ» ಎಂದು ನಿಶ್ಚಿಂತರಾಗಿರುವುದನ್ನು ಕೇಳಿದ್ದೇನೆ. ಅವರಿಗಾಗಿಯೇ ಇದನ್ನು ಇಷ್ಟು ಹಿಗ್ಗಿಸಿ ಬರೆದೆ.

ಮಕ್ಕಳಿಲ್ಲದವರು ಇನ್ನೊಂದು ಮಾತನ್ನು ನೆನಪಿಟ್ಟುಕೊಳ್ಳಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೆಯ ಕಲಮಿನಂತೆ, ಮೃತ್ಯುಪತ್ರ ಬರೆಯದೆ ತೀರಿಕೊಂಡ ವಿವಾಹಿತ ಹೆಂಗಸಿಗೆ ಮಕ್ಕಳೂ ಗಂಡನೂ ಇಲ್ಲದಿದ್ದರೆ, ಅವಳು ಸ್ವಂತ ದುಡಿದು ಗಳಿಸಿದ್ದು ತವರಿಗಿಂತ ಮೊದಲು ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. ಗಂಡನ ಮನೆಯ ಹೊಸ್ತಿಲನ್ನೇ ಕಾಣದೆ ಕ್ಯಾಂಪಿನಿಂದ ಕ್ಯಾಂಪಿಗೆ ಬಾಳು ಸವೆಸಿದ ನಮ್ಮವರಿಗೆ ಈ ನಿಯಮ ಎಷ್ಟು ವಿಚಿತ್ರವೆಂದು ನಾನು ಹೇಳಬೇಕಿಲ್ಲ.

ಪರಿಚಯದವರ ಮೂಲಕ ಒಬ್ಬ ವಕೀಲರನ್ನು ಕಂಡೆ. ಅವರು ನನ್ನ ಮಾತನ್ನೆಲ್ಲ ಕೇಳಿ, ಪೆನ್ನು ಕೆಳಗಿಟ್ಟು, «ಅಮ್ಮಾರ, ನಿಮಗ ಕೊಡಾಕ ಮನಸ್ಸೈತಿ, ಖರೆ. ತಗೊಳ್ಳಾವ್ರು ಯಾರು ಹೇಳ್ರಿ?» ಎಂದರು. ಜೊತೆಯವರು, ಎಂದೆ. «ಜೊತೆಯವರು ಅಂದ್ರ ಕಾಯ್ದೆಕ್ಕ ತಿಳಿಯೂದಿಲ್ರಿ» ಎಂದರು. ಈ ಒಂದು ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿಯೇ ಐದು ತಿಂಗಳು ಕಳೆದವು.

ಅವರು ತೋರಿಸಿದ ದಾರಿಗಳು ಮೂರು. ನನ್ನದೇ ಒಂದು ಟ್ರಸ್ಟು ಮಾಡುವುದು ಒಂದು. ಅದಕ್ಕೆ ವಿಶ್ವಸ್ತರು ಬೇಕು, ಪ್ಯಾನ್ ಬೇಕು, ವರ್ಷವರ್ಷ ಲೆಕ್ಕ ತಪಾಸಣೆಯಾಗಬೇಕು. ಐದಾರು ಲಕ್ಷದ ಬಡ್ಡಿ ಅದಕ್ಕೇ ಸರಿಹೋಗುತ್ತದೆ, ಆದ್ದರಿಂದ ಬಿಟ್ಟೆ. ಇರುವ ಸಂಘಕ್ಕೆ ಬರೆಯುವುದು ಎರಡನೆಯದು. ಮೂರನೆಯದು, ಇದೇ ಉದ್ದೇಶದ ಟ್ರಸ್ಟನ್ನು ಹುಡುಕುವುದು. ಸರ್ಕಾರವೇ ಮಾಡುತ್ತದಲ್ಲ, ನಿಮಗೇಕೆ ಈ ಉಸಾಬರಿ ಎಂದವರೂ ಉಂಟು. 2024ರಲ್ಲಿ ನಮ್ಮ ರಾಜ್ಯದಲ್ಲಿ ಸಿನೆಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಕ್ಕಾಗಿ ಕಾಯ್ದೆಯಾಗಿದೆ, ಸಿನೆಮಾ ಟಿಕೆಟ್ಟಿನ ಮೇಲೆ ಶೇಕಡಾ 1ರಿಂದ 2ರಷ್ಟು ಕರ ಎತ್ತಿ ನಿಧಿ ಮಾಡಲು ಅದರಲ್ಲಿ ಅವಕಾಶವಿದೆ. ಒಳ್ಳೆಯದೇ. ಆದರೆ ಹೆಸರು ಎಲ್ಲಿಯೂ ದಾಖಲಾಗದವನು ಆ ಪಟ್ಟಿಯಲ್ಲಿಯೂ ಹೇಗೆ ದಾಖಲಾದಾನು ಎಂಬುದು ನನ್ನ ಅನುಮಾನ.

ಇರುವ ಸಂಘಗಳಲ್ಲಿ ಮೊದಲನೆಯದನ್ನು ನೋಡಲು ಹುಬ್ಬಳ್ಳಿಗೆ ಹೋದೆ. ಬೋರ್ಡಿನ ಮೇಲೆ ಒಂದು ಹೆಸರು, ರಸೀದಿ ಪುಸ್ತಕದ ಮೇಲೆ ಇನ್ನೊಂದು, ಪ್ಯಾನ್ ಕಾರ್ಡಿನಲ್ಲಿ ಮತ್ತೊಂದು. 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ಪ್ರತಿವರ್ಷ ಲೆಕ್ಕಪತ್ರ ಮತ್ತು ಆಡಳಿತ ಮಂಡಳಿಯ ಪಟ್ಟಿಯನ್ನು ನಿಬಂಧಕರಿಗೆ ಸಲ್ಲಿಸಬೇಕು. ಅವರು ಕೊನೆಯ ಸಲ ಸಲ್ಲಿಸಿದಾಗ ಅಧ್ಯಕ್ಷರಾಗಿದ್ದವರು ತೀರಿಕೊಂಡೇ ಆರು ವರ್ಷವಾಗಿತ್ತು. ಕಾರ್ಯದರ್ಶಿ ಸಜ್ಜನರು, ಚಹಾ ತರಿಸಿ, «ಅಕ್ಕಾರ, ನೀವು ಬರೀರಿ, ಮುಂದ ನಾವು ಹೊಂದಿಸ್ತೀವಿ» ಎಂದರು. ನಾನು ಸತ್ತ ಮೇಲೆ ಹೊಂದಿಸುವುದು ಎಂದರೇನು? ಎರಡನೆಯ ಸಂಘದವರ ಕಾಗದಪತ್ರ ಚೊಕ್ಕವಾಗಿದ್ದವು, ಆದರೆ ದುಡ್ಡನ್ನು ವಾರ್ಷಿಕೋತ್ಸವಕ್ಕೂ ಬಳಸುತ್ತೇವೆ ಎಂದರು. ಹಾರ ತುರಾಯಿಗೆ ನನ್ನ ಬೋರಮಾಳ ಬೇಡವೆನಿಸಿತು.

ಕೊನೆಗೆ ಸಿಕ್ಕಿದ್ದು ಧಾರವಾಡದ ಒಂದು ಚಿಕ್ಕ ಟ್ರಸ್ಟು. ರಂಗಭೂಮಿಯವರ ಔಷಧೋಪಚಾರಕ್ಕೆ ನೆರವಾಗುವುದು ಅವರ ಕೆಲಸ. ಹೆಸರು ಬರೆಯಬೇಡಿರೆಂದು ಅವರೇ ಕೇಳಿಕೊಂಡಿದ್ದಾರೆ. ನಾನು ಕೇಳಿದ್ದು ಟ್ರಸ್ಟಿನ ನೋಂದಾಯಿತ ಪತ್ರ, ಪ್ಯಾನ್ ಮತ್ತು ಧರ್ಮಾರ್ಥ ಸಂಸ್ಥೆಗೆ ತೆರಿಗೆ ವಿನಾಯಿತಿ ಕೊಡುವ ಆದಾಯ ತೆರಿಗೆಯ 12ಎ ನೋಂದಣಿಯ ಪ್ರತಿ, ಹಿಂದಿನ ಮೂರು ವರ್ಷದ ತಪಾಸಣೆಯಾದ ಲೆಕ್ಕ. ಕೊಡುವವಳು ನಾನಾದರೂ ಕೇಳಲು ನಾಚಿಕೆಯಾಗಿತ್ತು. ಅವರು ಮಾತ್ರ ಮರುವಾರವೇ ಅಂಚೆಯಲ್ಲಿ ಕಳಿಸಿದರು. ಕೇಳಿದ್ದಕ್ಕೆ ಮುಖ ಗಂಟು ಹಾಕುವ ಸಂಸ್ಥೆಯನ್ನು ಅಲ್ಲಿಗೇ ಬಿಡುವುದು ಲೇಸು.

ಅಲ್ಲಿಯೂ ಒಂದು ತೊಡಕು ಬಂತು. ಅವರ ಪತ್ರದಲ್ಲಿ ‘ಕಷ್ಟದಲ್ಲಿರುವ ಕಲಾವಿದರಿಗೆ’ ಎಂದಿತ್ತು. ಪಡದೆ ಎಳೆಯುವವನು ಕಲಾವಿದನೆ? ಲೈಟಿನವನು? ಕ್ಯಾಂಪಿನಲ್ಲಿ ನಲವತ್ತು ಜನರಿಗೆ ಎರಡು ಹೊತ್ತು ಬೇಯಿಸಿ ಹಾಕಿದ ಅಡುಗೆಯವಳು? ಟ್ರಸ್ಟಿನ ಹಿರಿಯರೊಬ್ಬರು ಬಣ್ಣ ಹಚ್ಚಿದವರೇ ಕಲಾವಿದರು ಎಂದು ಕಡ್ಡಿ ಮುರಿದಂತೆ ಹೇಳಿದರು. ನನಗೆ ಸಿಟ್ಟು ಬಂತು. ಒಮ್ಮೆ ಶಿರಸಿ ಜಾತ್ರೆಯ ಕ್ಯಾಂಪಿನಲ್ಲಿ ಸೀನಿನ ನಡುವೆ ನನಗೆ ಮಾತು ಮರೆತು ನಾಲಿಗೆ ಕಟ್ಟಿದಾಗ, ವಿಂಗಿನಿಂದ ನನ್ನ ಮುಖ ನೋಡಿ ಅರ್ಧ ನಿಮಿಷ ಮೊದಲೇ ಪಡದೆ ಬಿಟ್ಟು ನನ್ನ ಮಾನ ಉಳಿಸಿದವನು ಅವನು; ಅದನ್ನು ಕಲೆ ಎನ್ನದಿದ್ದರೆ ನಾನು ಮಾಡಿದ್ದೂ ಕಲೆಯಲ್ಲ ಎಂದು ಹೇಳಿ ಎದ್ದು ಬಂದೆ. ಒಂದೂವರೆ ತಿಂಗಳ ನಂತರ ಅವರು ಸಭೆ ಸೇರಿ, ವೃತ್ತಿ ಕಂಪನಿಗಳಲ್ಲಿ ಯಾವುದೇ ಕೆಲಸ ಮಾಡಿದವರಿಗೆ ಈ ನಿಧಿಯಿಂದ ನೆರವು ನೀಡಲು ಒಪ್ಪಿ ಠರಾವು ಮಾಡಿ, ಪ್ರತಿಯನ್ನು ಕಳಿಸಿದರು. ಅದನ್ನು ಮೃತ್ಯುಪತ್ರದ ಜೊತೆಗೇ ಇಟ್ಟಿದ್ದೇನೆ.

ಈ ನಡುವೆ ಮಗಳಿಗೆ ಹೇಳಬೇಕಿತ್ತು. ಫೋನಿನಲ್ಲಿ ಹೇಳಿದೆ, ಅದು ತಪ್ಪಾಯಿತು. ಕೇಳಿಸಿಕೊಂಡು, «ಆತು» ಎಂದು ಇಟ್ಟವಳು ಎಂಟು ದಿನ ಮಾತಾಡಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಬಾಗಿಲಿಗೇ ಬಂದಳು. «ಅವ್ವಾ, ರೊಕ್ಕದ ಮಾತಲ್ಲ. ಕ್ಯಾಂಪು ಕ್ಯಾಂಪು ಅಂತ ನೀ ನನ್ನ ಅಜ್ಜಿ ಹತ್ರ ಬಿಟ್ಟು ಹೋದಿ. ಈಗೂ ಕಂಪನಿಯವರೇ ಹೆಚ್ಚಾದ್ರೇನು?» ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ. ಸಂಜೆಯ ತನಕ ಇದ್ದು, ಹೋಗುವಾಗ ಅವಳೇ ಟ್ರಸ್ಟಿನವರ ಪತ್ರಗಳನ್ನೆಲ್ಲ ಓದಿ, ಒಂದು ಕಡೆ ನನ್ನ ಹೆಸರು ತಪ್ಪಾಗಿದೆ ನೋಡು ಎಂದು ತೋರಿಸಿದಳು.

ಹೆಸರಿನ ಕಥೆಯೇ ಒಂದು ಅಂಕವಾದೀತು. ಆಧಾರದಲ್ಲಿ ಇರುವುದು ತವರಿನ ಹೆಸರು. ಬ್ಯಾಂಕಿನ ಖಾತೆ ತೆರೆದದ್ದು ಕಂಪನಿಯ ಮ್ಯಾನೇಜರು. ಅವರು ಬರೆಸಿದ್ದು ಹ್ಯಾಂಡ್‌ಬಿಲ್ಲಿನ ಹೆಸರು. ಪಡಿತರ ಚೀಟಿಯಲ್ಲಿ ಯಜಮಾನರ ಮನೆಯವರು ಇಟ್ಟ ಹೆಸರು. ಮೂವರೂ ಒಬ್ಬಳೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿಯ ಸಹಿ ಹಾಕಿಸಿ, ಬ್ಯಾಂಕಿನಲ್ಲಿ ಹೆಸರು ತಿದ್ದಿಸುವಷ್ಟರಲ್ಲಿ ಎರಡು ತಿಂಗಳಾಯಿತು. ಮೃತ್ಯುಪತ್ರದಲ್ಲಿ ಮೂರೂ ಹೆಸರನ್ನು ‘ಉರ್ಫ್’ ಎಂದು ಸೇರಿಸಿ ಬರೆಸಿದ್ದೇವೆ. ರಂಗದ ಹೆಸರಿನಲ್ಲಿ ಬದುಕಿದವರು ಎಲ್ಲಕ್ಕಿಂತ ಮೊದಲು ಈ ಕೆಲಸ ಮುಗಿಸಿಕೊಳ್ಳಲಿ. ಮನೆಯ ಸಿಟಿಎಸ್ ಉತಾರದಲ್ಲಿ, ಅಂದರೆ ನಗರ ಮೋಜಣಿಯ ಆಸ್ತಿ ದಾಖಲೆಯಲ್ಲಿ, ಇನ್ನೂ ಯಜಮಾನರ ಹೆಸರೇ ಇತ್ತು. ಮರಣ ಪ್ರಮಾಣಪತ್ರ, ವಂಶಾವಳಿ ಕೊಟ್ಟು ವಾರಸಾ ಹಚ್ಚಿಸಲು ಮತ್ತೆ ಮೂರು ತಿಂಗಳು. ಅಲ್ಲಿ ತಿಳಿದ ಸಂಗತಿ: ಅವರು ಮೃತ್ಯುಪತ್ರ ಬರೆಯದೆ ಹೋದದ್ದರಿಂದ ಮನೆಯಲ್ಲಿ ಅರ್ಧ ಆಗಲೇ ಮಗಳದು. ನಾನು ಬರೆಯಬಹುದಾದದ್ದು ನನ್ನ ಅರ್ಧವನ್ನಷ್ಟೇ.

ಕರಡು ಬರೆಯುವಾಗ ವಕೀಲರು ‘ಈ ಶರೀರವು ನಶ್ವರವಾದುದರಿಂದ’ ಎಂದು ಆರಂಭಿಸಿದ್ದರು. ಅದು ಯಾವುದೋ ನಾಟಕದ ಕೊನೆಯ ಸೀನಿನಂತಿತ್ತು, ತೆಗೆಸಿದೆ. ಉಳಿದಂತೆ ಅವರು ಹೇಳಿಕೊಟ್ಟ ಕೆಲವು ಜಾಣತನಗಳು ಎಲ್ಲರಿಗೂ ಉಪಯೋಗವಾದಾವು. ಠೇವಣಿ ನವೀಕರಣವಾದಾಗ ರಸೀದಿಯ ನಂಬರು ಬದಲಾಗಬಹುದು. ಆದ್ದರಿಂದ ನಂಬರನ್ನೇ ನೆಚ್ಚದೆ ‘ಇಂಥ ಬ್ಯಾಂಕಿನಲ್ಲಿ ನನ್ನ ಮರಣಕಾಲಕ್ಕೆ ಇರುವ ಎಲ್ಲ ಠೇವಣಿ’ ಎಂದು ಬರೆಸಬೇಕು. ನನ್ನ ಔಷಧ, ಮಣ್ಣು, ತಿಥಿಯ ಖರ್ಚು ಕಳೆದು ಉಳಿದದ್ದು ಎಂಬ ಮಾತು ಇರಬೇಕು. ಇದನ್ನೆಲ್ಲ ನಡೆಸಿಕೊಡಲು ಒಬ್ಬ ನಿರ್ವಾಹಕರನ್ನು ಹೆಸರಿಸಬೇಕು. ನಾನು ನನ್ನ ಅಣ್ಣನ ಮಗನನ್ನು, ಅವನ ಒಪ್ಪಿಗೆ ಕೇಳಿಯೇ, ಹೆಸರಿಸಿದ್ದೇನೆ. ಬಂಗಾರವನ್ನು ಒಡವೆಯಾಗಿಯೇ ಟ್ರಸ್ಟಿಗೆ ಕೊಡದೆ, ನಿರ್ವಾಹಕನು ಮಾರಿ ಹಣ ಮುಟ್ಟಿಸುವಂತೆ ಬರೆದೆವು.

ಆ ಹೊತ್ತಿಗೆ ಟ್ರಸ್ಟೇ ಇಲ್ಲದಿದ್ದರೆ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಗಲಿಲ್ಲ. ಗದಗ ನಾಟಕದ ಊರು. 1870ರ ದಶಕದಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದ ಊರು. ಇದೇ ಊರಿನ ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಅನ್ನಕ್ಕಾಗಿ ಪಂಚಾಕ್ಷರಿ ಗವಾಯಿಗಳವರ ಹೆಸರಿನ ನಾಟಕ ಕಂಪನಿ ಊರೂರು ತಿರುಗಿತು. 1914ರಲ್ಲಿ ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿ 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು ತಾವೇ ನಾಟಕ ಬರೆದು ಆ ಕಂಪನಿಯನ್ನು ನಡೆಸಿದರು. ಟ್ರಸ್ಟು ಇಲ್ಲವಾದರೆ ಹಣ ಆಶ್ರಮಕ್ಕೆ ಹೋಗಲಿ ಎಂದು ಬರೆಸಿದೆ. ಇಂಥ ಎರಡನೆಯ ಹೆಸರು ಇಲ್ಲದೆ ಯಾರೂ ಬರೆಯಬಾರದು.

ಸಾಕ್ಷಿಗೆ ಇಬ್ಬರು ಬೇಕು. ನಾನು ಸಹಿ ಮಾಡುವುದನ್ನು ಅವರು ಕಣ್ಣಾರೆ ಕಂಡು ತಾವೂ ಸಹಿ ಮಾಡಬೇಕು. ನನ್ನ ಮನಸ್ಸಿನಲ್ಲಿದ್ದವರು ನಮ್ಮ ಹಳೆಯ ಲೈಟ್ ಮಾಸ್ತರರು. ವಕೀಲರು, «ನಾಳೆ ಇವರಿಗೂ ಆ ನಿಧಿಯಿಂದ ಸಹಾಯ ಬಂದೀತಲ್ರಿ?» ಎಂದು ತಡೆದರು. ಸಾಕ್ಷಿ ಹಾಕಿದವರಿಗಾಗಲಿ ಅವರ ಗಂಡ ಹೆಂಡಿರಿಗಾಗಲಿ ಬರೆದ ಪಾಲು 1925ರ ಉತ್ತರಾಧಿಕಾರ ಕಾಯ್ದೆಯ 67ನೆಯ ಕಲಮಿನಂತೆ ಅನೂರ್ಜಿತ. ಹಿಂದೂಗಳ ಮೃತ್ಯುಪತ್ರಕ್ಕೆ ಆ ಕಲಮು ಅನ್ವಯಿಸದಿದ್ದರೂ ತಕರಾರಿಗೆ ಎಡೆ ಏಕೆ ಎಂಬುದು ಅವರ ವಾದ. ಮಾಸ್ತರರು ಬೇಸರಿಸಿಕೊಳ್ಳಲಿಲ್ಲ, «ನನಗ ಎಂಬತ್ತು, ನಿನಗಿಂತ ಮೊದಲ ನಾನೇ ಹೋಗ್ತೀನಿ, ನನ್ನ ಸಾಕ್ಷಿ ತಗೊಂಡು ಏನ್ ಮಾಡ್ತಿ» ಎಂದರು. ಸರಿಯಾದ ಮಾತು. ನಮಗಿಂತ ಕಿರಿಯರನ್ನೇ ಸಾಕ್ಷಿ ಹಾಕಿಸಬೇಕು. ಓಣಿಯ ಒಬ್ಬ ಶಿಕ್ಷಕಿಯೂ ಔಷಧ ಅಂಗಡಿಯ ಹುಡುಗನೂ ಒಪ್ಪಿದರು. ಬುದ್ಧಿ ಸ್ವಸ್ಥವಾಗಿದೆ ಎಂದು ವೈದ್ಯರ ಪತ್ರವನ್ನೂ ಪಡೆದೆ. ಕಡ್ಡಾಯವಲ್ಲ, ವಯಸ್ಸಾದವರಿಗೆ ಇದ್ದರೆ ಒಳ್ಳೆಯದು.

ಮೃತ್ಯುಪತ್ರಕ್ಕೆ ನೋಂದಣಿ ಕಡ್ಡಾಯವಲ್ಲ, ಛಾಪಾ ಕಾಗದವೂ ಬೇಕಿಲ್ಲ. ಬಿಳಿಯ ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿ ಹಾಕಿದರೂ ಊರ್ಜಿತ. ಆದರೂ ಮುಂದೆ ಯಾರೂ ಸುಳ್ಳೆನ್ನದಿರಲಿ ಎಂದು ನೋಂದಾಯಿಸಿದೆ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ವಿವರ ತುಂಬಿ ವೇಳೆ ಗೊತ್ತುಮಾಡಿಕೊಟ್ಟವರು ವಕೀಲರ ಗುಮಾಸ್ತರು. ಹನ್ನೊಂದಕ್ಕೆ ಬನ್ನಿ ಎಂದಿದ್ದರು. ಕರೆಂಟು ಹೋಗಿ, ಬಂದು, ಊಟದ ಹೊತ್ತು ಕಳೆದು, ನಮ್ಮ ಸರದಿ ಬಂದಾಗ ನಾಲ್ಕು ದಾಟಿತ್ತು. ಮಾತ್ರೆ, ನೀರು, ರೊಟ್ಟಿ ಕಟ್ಟಿಕೊಂಡು ಹೋಗಿ. ನನ್ನ ಹೆಬ್ಬೆರಳನ್ನು ಯಂತ್ರ ಗುರುತಿಸಲಿಲ್ಲ. ಮೂರು ಸಲ ಒರೆಸಿ, ಕೈ ತೊಳೆದು ಬಂದು ಒತ್ತಿದ ಮೇಲೆ ಒಪ್ಪಿತು. ಫೋಟೋ ತೆಗೆಯುವಾಗ ನಾನು ಅರಿಯದೆ ಗಲ್ಲ ಎತ್ತಿ ಎಡಕ್ಕೆ ತಿರುಗಿದೆನಂತೆ, «ಅಜ್ಜಿ, ಸೀದಾ ನೋಡ್ರಿ» ಎಂದು ಹುಡುಗ ನಕ್ಕ. ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ಅಧಿಕಾರಿಗಳು ಕೇಳಿದರು. ಇಲ್ಲ, ಎಂದೆ. ಬರಲಾಗದಷ್ಟು ಅಶಕ್ತರಾದವರ ಮನೆಗೆ ಅಧಿಕಾರಿಯೇ ಬಂದು ನೋಂದಾಯಿಸಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ನಾನು ಬದುಕಿರುವ ತನಕ ಇದರ ನಕಲು ನನಗೆ ಅಥವಾ ನನ್ನ ಮುಖತ್ಯಾರರಿಗೆ ಬಿಟ್ಟು ಬೇರೆಯವರಿಗೆ ಸಿಗುವುದಿಲ್ಲ. ಮನಸ್ಸು ಬದಲಾದರೆ ಇದನ್ನು ರದ್ದು ಮಾಡಿ ಬೇರೆ ಬರೆಯಬಹುದು, ದುಡ್ಡು ಬೇಕಾದರೆ ಮುರಿದು ತಿನ್ನಲೂಬಹುದು. ಸಹಿ ಹಾಕಿದ ಮಾತ್ರಕ್ಕೆ ಕೈ ಖಾಲಿಯಾಗುವುದಿಲ್ಲ ಎಂದು ಅಂಜುವವರಿಗೆ ಹೇಳುತ್ತೇನೆ.

ಖರ್ಚು: ವಕೀಲರಿಗೆ 7,000, ಅಫಿಡವಿಟ್ಟು ಮತ್ತು ನೋಟರಿಗೆ 850, ವೈದ್ಯರಿಗೆ 300, ಟೈಪು ಮತ್ತು ಝೆರಾಕ್ಸಿಗೆ 640, ಸಾಕ್ಷಿಗಳ ಊಟಕ್ಕೆ 420. ನೋಂದಣಿ ಶುಲ್ಕ ಸೇರಿಯೂ ಹತ್ತು ಸಾವಿರದೊಳಗೆ ಮುಗಿಯಿತು. ಹುಬ್ಬಳ್ಳಿ, ಧಾರವಾಡಕ್ಕೆ ಹನ್ನೊಂದು ಸಲ ಓಡಾಡಿದ್ದು ಶಕ್ತಿ ಯೋಜನೆಯ ಪುಕ್ಕಟೆ ಬಸ್ಸಿನಲ್ಲಿ.

ಟೈಪು ಎರಡು ಸಲ ಆದದ್ದಕ್ಕೆ ಕಾರಣ ಮಗಳು. ನೋಂದಣಿಗೆ ವಾರವಿದ್ದಾಗ ಬಂದು, ಕಪಾಟಿನಿಂದ ಬೋರಮಾಳ ತೆಗೆದು, ಒಂದೊಂದೇ ಗುಂಡನ್ನು ಸೆರಗಿನಿಂದ ಒರೆಸುತ್ತ, «ಇದು ಅಪ್ಪ ಶಿರಸಿ ಕ್ಯಾಂಪಿನ ಪಗಾರದಾಗ ಮಾಡಿಸಿದ್ದಲ್ಲ? ಮಾರಾಕ ತಗದಾಗ ನಾನೇ ತಗೋಬಹುದೇನವ್ವಾ, ಅಂದಿನ ರೇಟಿಗೆ?» ಎಂದಳು. ವಕೀಲರು ಒಂದು ಸಾಲು ಸೇರಿಸಿದರು: ಆ ದಿನದ ಪೇಟೆ ದರಕ್ಕೆ ಕೊಳ್ಳುವ ಮೊದಲ ಹಕ್ಕು ಮಗಳದು. ಈಗ ಅದು ಅವಳ ಹತ್ತಿರವೇ ಇದೆ. ನಾನಿರುವ ತನಕ ಹಾಕಿಕೊಳ್ಳಲಿ ಎಂದು ಕೊಟ್ಟೆ.

ಉಳಿದಿರುವುದು ಒಂದೇ ಕೆಲಸ. ರಂಗದ ಹಿಂದೆ ದುಡಿದವರಲ್ಲಿ ನನಗೆ ಗೊತ್ತಿರುವವರ ಪಟ್ಟಿ ಮಾಡಿ ಕೊಡಿರೆಂದು ಟ್ರಸ್ಟಿನವರು ಕೇಳಿದ್ದಾರೆ. ಲೈಟ್ ಮಾಸ್ತರರೂ ನಾನೂ ನಾಲ್ಕು ಸಂಜೆ ಕುಳಿತು ನಲವತ್ತಮೂರು ಜನರನ್ನು ನೆನಪಿಸಿಕೊಂಡಿದ್ದೇವೆ. ಅರ್ಧಕ್ಕರ್ಧ ಜನರ ನಿಜವಾದ ಹೆಸರು ಇಬ್ಬರಿಗೂ ಗೊತ್ತಿಲ್ಲ. ಗೇಟಿನ ಕಾಕಾ, ಇಸ್ತ್ರಿ ಮಾಮಾ, ಸಾರಿನ ಅಕ್ಕ ಎಂದೇ ಬರೆದು ಮುಂದೆ ಊರಿಗಾಗಿ ಜಾಗ ಬಿಟ್ಟಿದ್ದೇವೆ. ಬರುವ ಸೋಮವಾರ ಧಾರವಾಡಕ್ಕೆ ಒಯ್ಯಬೇಕು. ಅಷ್ಟರಲ್ಲಿ ಸಾರಿನ ಅಕ್ಕನ ಊರು ರೋಣವೋ ನರಗುಂದವೋ ಎಂಬುದನ್ನು ಯಾರಾದರೂ ತಿಳಿಸಿದರೆ ಉಪಕಾರವಾದೀತು.